ತಣ್ಣನೆ ಬಾಡಿಗೆ, ಬೆಚ್ಚನೆ ಬಾಡಿಗೆ

ಲೈಪ್‌ಜಿಗ್‌ಗೆ ಓದಲು ಹೋಗುವ ನಮ್ಮ ಹುಡುಗರು ಮೊದಲು ಕಲಿಯುವ ಜರ್ಮನ್ ಪದಗಳು ನಮಸ್ಕಾರವೂ ಅಲ್ಲ, ಧನ್ಯವಾದವೂ ಅಲ್ಲ. ಒಂದು ‘ಕಾಲ್ಟ್‌ಮೀಟೆ’, ಇನ್ನೊಂದು ‘ವಾರ್ಮ್‌ಮೀಟೆ’. ತಣ್ಣನೆ ಬಾಡಿಗೆ, ಬೆಚ್ಚನೆ ಬಾಡಿಗೆ. ತಣ್ಣನೆಯದೆಂದರೆ ಬರೀ ಗೋಡೆ, ಸೂರಿನ ಬೆಲೆ. ಹೀಟಿಂಗು, ನೀರು, ಕಸ, ಮೆಟ್ಟಿಲು ಗುಡಿಸುವ ಖರ್ಚೆಲ್ಲ ಸೇರಿದರೆ ಅದು ಬೆಚ್ಚಗಾಗುತ್ತದೆ. ಕರೆಂಟು, ಇಂಟರ್‌ನೆಟ್ಟು ಬಹುಪಾಲು ಬೇರೆಯೇ. ಟೀವಿ ಇರಲಿ ಬಿಡಲಿ, ಮನೆಯೊಂದಕ್ಕೆ ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕ ಕಟ್ಟಬೇಕು. ಒಂದೇ ಸಮಾಧಾನವೆಂದರೆ ಅಡ್ವಾನ್ಸು. ಅದು ಮೂರು ತಿಂಗಳ ತಣ್ಣನೆ ಬಾಡಿಗೆಯನ್ನು ಮೀರಬಾರದೆಂದು ಕಾನೂನೇ ಇದೆ; ಬೆಂಗಳೂರಿನಲ್ಲಿ ಹತ್ತು ತಿಂಗಳದ್ದು ಎಣಿಸಿಕೊಟ್ಟವರಿಗೆ ಕಣ್ಣು ತುಂಬಿ ಬಂದೀತು.

ಬೀಗ ತೆಗೆದು ಒಳಗೆ ಹೋದಾಗ ಇನ್ನೊಂದು ಪಾಠ ಕಾದಿರುತ್ತದೆ. ಅಡುಗೆಮನೆಯ ಗೋಡೆಯಿಂದ ಎರಡು ನೀರಿನ ಕೊಳವೆಗಳು ಮೂತಿ ಚಾಚಿರುತ್ತವೆ, ಮೇಲಿಂದ ಒಂದು ವೈರು ನೇತಾಡುತ್ತಿರುತ್ತದೆ. ಸಿಂಕಿಲ್ಲ, ಒಲೆಯಿಲ್ಲ, ಬಲ್ಬೂ ಇಲ್ಲ. ಹಿಂದಿನ ಬಾಡಿಗೆದಾರ ಎಲ್ಲವನ್ನೂ ಬಿಚ್ಚಿ ಹೊತ್ತುಕೊಂಡು ಹೋಗಿರುತ್ತಾನೆ. ಕಳ್ಳತನವೇನಲ್ಲ, ಅಲ್ಲಿಯ ಪದ್ಧತಿಯೇ ಹಾಗೆ. ಅದಕ್ಕೇ ವಿದ್ಯಾರ್ಥಿಗಳು ‘ವೇಗೇ’ ಹುಡುಕುತ್ತಾರೆ: ನಾಲ್ಕೈದು ಜನ ಸೇರಿ ಹಿಡಿದ ಮನೆ, ತಲೆಗೊಂದು ಕೋಣೆ, ಎಲ್ಲರಿಗೂ ಒಂದೇ ಅಡುಗೆಮನೆ, ಫ್ರಿಜ್ಜಿನ ಬಾಗಿಲ ಮೇಲೆ ಯಾವ ವಾರ ಯಾರು ಗುಡಿಸಬೇಕೆಂಬ ಪಟ್ಟಿ. ಇಂಥ ಕೋಣೆ ಮ್ಯೂನಿಕ್‌ನ ಅರ್ಧ ಬಾಡಿಗೆಯ ಆಸುಪಾಸಿನಲ್ಲಿ ಲೈಪ್‌ಜಿಗ್‌ನಲ್ಲಿ ಸಿಗುತ್ತದೆ.

ಈ ಅಗ್ಗದ ಹಿಂದೆ ಒಂದು ನೋವಿನ ಕಥೆಯಿದೆ. 1930ರ ದಶಕದಲ್ಲಿ ಏಳು ಲಕ್ಷ ಜನರಿದ್ದ ಊರು ಇದು. ವ್ಯಾಪಾರದ ಜಾತ್ರೆಗೆ, ಪುಸ್ತಕ ಮುದ್ರಣಕ್ಕೆ ಯುರೋಪಿನಲ್ಲೆಲ್ಲ ಹೆಸರುವಾಸಿಯಾಗಿತ್ತು. ಯುದ್ಧದ ನಂತರ ಪೂರ್ವ ಜರ್ಮನಿಯ ಪಾಲಾಯಿತು. 1989ರ ಅಕ್ಟೋಬರ್ 9ರಂದು ನಿಕೊಲಾಯ್ ಚರ್ಚಿನ ಪ್ರಾರ್ಥನೆ ಮುಗಿಸಿ ಹೊರಬಂದ ಜನರ ಜೊತೆ ಹತ್ತಾರು ಸಾವಿರ ಮಂದಿ ಬೀದಿಗಿಳಿದರು. ಒಂದೇ ತಿಂಗಳಲ್ಲಿ ಬರ್ಲಿನ್ ಗೋಡೆ ಬಿತ್ತು. ಗೋಡೆ ಬಿದ್ದ ಮೇಲೆ ಕಾರ್ಖಾನೆಗಳೂ ಒಂದೊಂದಾಗಿ ಬಿದ್ದವು. ಕೆಲಸ ಹುಡುಕಿಕೊಂಡು ಜನ ಪಶ್ಚಿಮಕ್ಕೆ ಹೋದರು. 1990ರ ದಶಕದ ಕೊನೆಗೆ ಉಳಿದವರು ನಾಲ್ಕೂವರೆ ಲಕ್ಷಕ್ಕೂ ಕಡಿಮೆ. ಕೆತ್ತನೆಯ ಮುಖವಿದ್ದ ಹಳೆಯ ನಾಲ್ಕಂತಸ್ತಿನ ಮನೆಗಳು ಸಾಲುಸಾಲಾಗಿ ಖಾಲಿ ಬಿದ್ದವು. ಕೊನೆಗೆ ‘ಕಾವಲು ಮನೆ’ ಎಂಬ ಉಪಾಯ ಹೂಡಿದರು: ಬಾಡಿಗೆ ಬೇಡ, ನೀರು ಕರೆಂಟಿನ ಖರ್ಚು ನೋಡಿಕೊಂಡು ಸುಮ್ಮನೆ ಇರಿ, ಮನೆ ಬೀಳದಂತೆ ಕಾಯಿರಿ. ಕಲಾವಿದರು, ವಿದ್ಯಾರ್ಥಿಗಳು ಬಂದರು. ಅವರ ಬೆನ್ನಿಗೆ ಕೆಫೆ ಬಂತು, ಕೆಫೆಯ ಬೆನ್ನಿಗೆ ಬಾಡಿಗೆ. ಈಗ ಜನಸಂಖ್ಯೆ ಮತ್ತೆ ಆರು ಲಕ್ಷ ದಾಟಿದೆ, ಅಗ್ಗ ವರ್ಷದಿಂದ ವರ್ಷಕ್ಕೆ ಕರಗುತ್ತಿದೆ.

ಇಂಥ ಊರಿನಲ್ಲಿ ಖಾಸಗಿ ಕಾಲೇಜಿಗೆ ದುಡ್ಡು ಕೊಟ್ಟು ಓದುವುದು ಯಾಕೆ? 1409ರಲ್ಲಿ ಶುರುವಾದ ಲೈಪ್‌ಜಿಗ್ ವಿಶ್ವವಿದ್ಯಾಲಯ ಅಲ್ಲೇ ಇದೆ. ಗಯಟೆ ಓದಿದ್ದು ಅಲ್ಲಿ, ಅಂಗೆಲಾ ಮರ್ಕೆಲ್ ಭೌತಶಾಸ್ತ್ರ ಕಲಿತದ್ದೂ ಅಲ್ಲಿ. ಸೀಟು ಸಿಕ್ಕರೆ ಸೆಮಿಸ್ಟರಿಗೆ ಕೆಲವು ನೂರು ಯೂರೋ ವಂತಿಗೆ ಕಟ್ಟಿದರಾಯಿತು. ‘ಸಿಕ್ಕರೆ’ ಎನ್ನುವಲ್ಲೇ ಎಲ್ಲ ಕಷ್ಟ. ಪದವಿ ಮಟ್ಟದ ಪಾಠ ಬಹುಪಾಲು ಜರ್ಮನ್ ಭಾಷೆಯಲ್ಲಿ. ಇಂಗ್ಲಿಷಿನ ಸ್ನಾತಕೋತ್ತರ ಕೋರ್ಸಿಗೆ ನೂಕುನುಗ್ಗಲು. ಖಾಸಗಿಯವರು ಕೂತಿರುವುದು ಸರಿಯಾಗಿ ಈ ಸಂದಿಯಲ್ಲಿ.

ಹಾಗೆಂದು ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಅದೇ ಊರಿನ ಎಚ್‌ಎಚ್‌ಎಲ್ 1898ರಲ್ಲಿ ಹುಟ್ಟಿದ ವಾಣಿಜ್ಯ ಶಾಲೆ, ಜರ್ಮನಿಯಲ್ಲಿ ಆ ಬಗೆಯದರಲ್ಲಿ ಮೊದಲನೆಯದು. 1992ರಲ್ಲಿ ಖಾಸಗಿಯಾಗಿ ಮರುಹುಟ್ಟು ಪಡೆಯಿತು. ಪಾಠ ಇಂಗ್ಲಿಷಿನಲ್ಲಿ, ತರಗತಿಗಳು ಚಿಕ್ಕವು, ಪಿಎಚ್‌.ಡಿ. ಕೊಡುವ ಅಧಿಕಾರವೂ ಇದೆ. ಅಂಥದ್ದಕ್ಕೆ ದೊಡ್ಡ ಫೀಸು ಕೊಡುವವರು ತಾವು ಏನು ಕೊಳ್ಳುತ್ತಿದ್ದೇವೆಂದು ತಿಳಿದೇ ಕೊಡುತ್ತಾರೆ. ನನ್ನ ತಕರಾರು ಅದರ ಮೇಲಲ್ಲ. ಜಯನಗರದ ಕನ್ಸಲ್ಟೆನ್ಸಿಯಲ್ಲಿ ಕೂತ ಅಪ್ಪನಿಗೆ ‘ಜರ್ಮನಿಯಲ್ಲಿ ಓದು ಫ್ರೀ’ ಎಂದು ಮಾತು ಶುರುಮಾಡಿ, ಟೀ ಬರುವಷ್ಟರಲ್ಲಿ ಖಾಸಗಿ ಕಾಲೇಜಿನ ಬಣ್ಣದ ಪುಸ್ತಿಕೆ ಮುಂದಿಡುವ ಜಾಣತನದ ಮೇಲೆ. ಸರ್ಕಾರಿ ವಿಶ್ವವಿದ್ಯಾಲಯದಿಂದ ಏಜೆಂಟರಿಗೆ ಕಮಿಷನ್ ಹುಟ್ಟುವುದಿಲ್ಲ, ಅನೇಕ ಖಾಸಗಿಗಳಿಂದ ಹುಟ್ಟುತ್ತದೆ. ಆ ಅಪ್ಪ ಕೇಳಬೇಕಾದ್ದು ಎರಡೇ. ಸಂಸ್ಥೆಗೆ ಅಲ್ಲಿಯ ರಾಜ್ಯದ ಮಾನ್ಯತೆ ಇದೆಯೇ? ತರಗತಿಗೆ ಹೋಗಿ ಕೂರಬೇಕೋ, ಲ್ಯಾಪ್‌ಟಾಪ್ ಮುಂದೆಯೋ? ಆನ್‌ಲೈನ್ ಪಾಠಕ್ಕೆ ವಿದ್ಯಾರ್ಥಿ ವೀಸಾ ಯಾಕೆ ಬೇಕೆಂದು ಅಲ್ಲಿಯ ಅಧಿಕಾರಿ ಕೇಳಿದರೆ ಉತ್ತರವಿಲ್ಲ.

ಇನ್ನು ದುಡ್ಡು. ವೀಸಾಕ್ಕೆ ಮೊದಲೇ ‘ಬ್ಲಾಕ್ಡ್ ಅಕೌಂಟ್’ನಲ್ಲಿ 11,904 ಯೂರೋ ಇಡಬೇಕೆಂಬುದು 2024ರ ಸೆಪ್ಟೆಂಬರಿನಿಂದ ಬಂದ ಲೆಕ್ಕ. ಯೂರೋಗೆ ನೂರು ರೂಪಾಯಿ ಹಿಡಿದರೆ ಹನ್ನೆರಡು ಲಕ್ಷದ ಹತ್ತಿರ. ನಮ್ಮದೇ ಹಣ, ಆದರೆ ತಿಂಗಳಿಗೆ 992 ಯೂರೋ ಮಾತ್ರ ತೆಗೆಯಬಹುದು. ಲೈಪ್‌ಜಿಗ್‌ನಲ್ಲಿ ಅಷ್ಟರಲ್ಲಿ ಬಾಡಿಗೆ, ವಿಮೆ, ಊಟ ಕಳೆದು ಪುಡಿಗಾಸು ಉಳಿಯಲೂಬಹುದು. ಫೀಸು ಮಾತ್ರ ಇದರಾಚೆ. ಅಗ್ಗದ ಊರು ತಿಂಗಳಿಗೆ ಮುನ್ನೂರು, ನಾನೂರು ಯೂರೋ ಉಳಿಸಿಕೊಟ್ಟರೂ, ಸೆಮಿಸ್ಟರಿಗೆ ಆರು ಸಾವಿರ ಕೇಳುವ ಕಾಲೇಜು ಅದನ್ನು ಒಂದೇ ಗುಟುಕಿಗೆ ಕುಡಿಯುತ್ತದೆ.

ಸಂಜೆ ದುಡಿದು ತುಂಬಿಸುತ್ತೇನೆ ಎನ್ನುವವರಿಗೆ ವರ್ಷಕ್ಕೆ 140 ಪೂರ್ತಿ ದಿನಗಳ ಕೆಲಸಕ್ಕೆ ಅನುಮತಿಯಿದೆ. ಆದರೆ ಇಂಗ್ಲಿಷ್ ಕೋರ್ಸಿನ ಸುಖ ತರಗತಿಯ ಬಾಗಿಲಿಗೇ ಮುಗಿಯುತ್ತದೆ. ಬ್ರೆಡ್ಡಿನ ಅಂಗಡಿಯ ಅಜ್ಜಿಗೆ ಜರ್ಮನ್ ಬೇಕು, ಕೆಫೆಯ ಮಾಲೀಕನಿಗೂ ಬೇಕು. ಬಾರದವರಿಗೆ ಉಳಿಯುವುದು ಗೋದಾಮಿನ ರಾತ್ರಿಪಾಳಿ: ಪೆಟ್ಟಿಗೆ ಎತ್ತು, ಸ್ಕ್ಯಾನ್ ಮಾಡು, ಬೆಲ್ಟಿನ ಮೇಲಿಡು. ಓದು ಮುಗಿದ ಮೇಲೆ ಕೆಲಸ ಹುಡುಕಲು ಹದಿನೆಂಟು ತಿಂಗಳು ಸಿಗುತ್ತದೆ. ಆಗಲೂ ಸಂದರ್ಶನದ ಎರಡನೇ ಪ್ರಶ್ನೆ ಅದೇ ಭಾಷೆಯಲ್ಲಿ ಬರುತ್ತದೆ.

ಡಿಸೆಂಬರಿನಲ್ಲಿ ಅಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲು. ಹಾಸನದಲ್ಲಿ ಆಗ ಎಂಟೂವರೆ, ಅಮ್ಮ ತಟ್ಟೆ ಹಾಕಿ ಫೋನು ಮಾಡುವ ಹೊತ್ತು. ‘ಊಟ ಆಯ್ತೇನೋ?’ ಎಂದರೆ ಹುಡುಗ ಪಾಳಿಯ ಬಸ್ಸಿಗೆ ಕಾಯುತ್ತಲೇ ‘ಆಯ್ತಮ್ಮಾ’ ಅನ್ನುತ್ತಾನೆ. ‘ಅದೇನೋ ಹಿಂದುಗಡೆ ಕತ್ತಲೆ ಕಾಣ್ತಿದೆಯಲ್ಲೋ, ಬಲ್ಬಿಲ್ವಾ?’