ಅಲುಗಾಡಬೇಡ ಎನ್ನದ ಯಂತ್ರ

ಮಿದುಳಿನ ನರಕೋಶಗಳಲ್ಲಿ ವಿದ್ಯುತ್ ಹರಿದಾಗಲೆಲ್ಲ ಸುತ್ತ ಕಾಂತಕ್ಷೇತ್ರವೂ ಹುಟ್ಟುತ್ತದೆ. ಭೂಮಿಯ ಕಾಂತಕ್ಷೇತ್ರಕ್ಕಿಂತ ಅದು ಹತ್ತಾರು ಕೋಟಿ ಪಾಲು ದುರ್ಬಲ. ಆದರೂ ಅದನ್ನು ಅಳೆಯಲೇಬೇಕೆಂಬ ಹಟಕ್ಕೆ ಕಾರಣವಿತ್ತು: ತಲೆಬುರುಡೆ ವಿದ್ಯುತ್ ಸಂಕೇತವನ್ನು ಚದುರಿಸಿಬಿಡುತ್ತದೆ, ಕಾಂತಕ್ಷೇತ್ರ ಮಾತ್ರ ಹೆಚ್ಚುಕಡಿಮೆ ಹಾಗೆಯೇ ಹೊರಬರುತ್ತದೆ. ಮೂರ್ಛೆರೋಗ ಮಿದುಳಿನ ಯಾವ ಜಾಗದಿಂದ ಶುರುವಾಗುತ್ತಿದೆ ಎಂದು ಹುಡುಕುವ ವೈದ್ಯರಿಗೆ ಇದು ದೊಡ್ಡ ಅನುಕೂಲ.

ಅಮೆರಿಕದ ಡೇವಿಡ್ ಕೊಹೆನ್ 1968ರಲ್ಲಿ ತಂತಿಯ ಸುರುಳಿಯಿಂದ ಈ ಕ್ಷೇತ್ರವನ್ನು ಮೊದಲು ಅಳೆದರು. 1972ರಲ್ಲಿ ಎಂಐಟಿಯಲ್ಲಿ, ಹೊರಗಿನ ಕಾಂತಕ್ಷೇತ್ರವನ್ನು ತಡೆಯುವ ಕೋಣೆಯೊಳಗೆ ‘ಸ್ಕ್ವಿಡ್’ ಎಂಬ ಅತಿಸೂಕ್ಷ್ಮ ಸೆನ್ಸರ್ ಬಳಸಿದಾಗ ಸಂಕೇತ ಸ್ಪಷ್ಟವಾಯಿತು. ಮಿದುಳಿನ ಕಾಂತಕ್ಷೇತ್ರ ಅಳೆಯುವ ‘ಎಂಇಜಿ’ ತಂತ್ರ ಬೆಳೆದದ್ದು ಅಲ್ಲಿಂದ.

ಇದೇ ಸೆನ್ಸರ್ ಬಸುರಿಯರ ಹೊಟ್ಟೆಯ ಕಡೆಗೂ ತಿರುಗಿತು. ಏಳು ತಿಂಗಳ ಹೊತ್ತಿಗೆ ಗರ್ಭದ ಶಿಶುವಿನ ಮೈಗೆ ಬೆಣ್ಣೆಯಂಥ ಬಿಳಿ ಲೇಪ ಅಂಟಿಕೊಂಡು, ಅದರ ಹೃದಯದ ವಿದ್ಯುತ್ ಸಂಕೇತ ಹೊರಬರದಂತೆ ತಡೆಯುತ್ತದೆ. ಕಾಂತಕ್ಷೇತ್ರಕ್ಕೆ ಆ ಅಡ್ಡಿಯಿಲ್ಲ. 1974ರಲ್ಲಿ ಫಿನ್ಲೆಂಡಿನ ಸಂಶೋಧಕರು ಶಿಶುವಿನ ಹೃದಯದ ಕಾಂತಕ್ಷೇತ್ರವನ್ನು ದಾಖಲಿಸಿದರು. 2000ದ ಸುಮಾರಿಗೆ ಅಮೆರಿಕದ ಅರ್ಕಾನ್ಸಾ ವಿಶ್ವವಿದ್ಯಾಲಯದಲ್ಲಿ 151 ಸೆನ್ಸರ್‌ಗಳ ‘ಸಾರಾ’ ಯಂತ್ರ ಬಂತು. ತಾಯಿ ಕುಳಿತಲ್ಲೇ ಮುಂದಕ್ಕೆ ಬಾಗಿ ಅದರ ಒಳಬಾಗಿದ ಮೇಲ್ಮೈಗೆ ತನ್ನ ಹೊಟ್ಟೆ ಒರಗಿಸಿದರೆ ಸಾಕು. ಹೃದಯದ ಜೊತೆಗೆ ಶಿಶುವಿನ ಮಿದುಳಿನ ಸಂಕೇತವೂ ಸಿಗುತ್ತಿತ್ತು. ಆದರೆ ಹೊಟ್ಟೆಯೊಳಗಿನ ಮಗುವಿಗೆ ‘ಅಲುಗಾಡಬೇಡ’ ಎನ್ನುವವರು ಯಾರು?

ಹುಟ್ಟಿದ ಮಕ್ಕಳದ್ದೂ ಅದೇ ಕಥೆ. ಸ್ಕ್ವಿಡ್ ಕೆಲಸ ಮಾಡಲು ಮೈನಸ್ 269 ಡಿಗ್ರಿಯ ದ್ರವ ಹೀಲಿಯಂ ಬೇಕು. ಹಾಗಾಗಿ ಸೆನ್ಸರ್‌ಗಳು ಭಾರೀ ಪಾತ್ರೆಯೊಳಗೆ ಬಂದಿ. ಅದರ ಹೆಲ್ಮೆಟ್ಟು ದೊಡ್ಡವರ ಅಳತೆಯದು. ಪುಟ್ಟ ತಲೆಗೂ ಸೆನ್ಸರಿಗೂ ನಡುವೆ ಅಂತರ ಉಳಿದು ಸಂಕೇತ ಇನ್ನಷ್ಟು ಕ್ಷೀಣಿಸುತ್ತದೆ. ಮಗು ತಲೆ ಹೊರಳಿಸಿದರೆ ಅಳತೆ ಕೆಟ್ಟಂತೆಯೇ.

ದಾರಿ ತೆರೆದದ್ದು ರುಬಿಡಿಯಂ ಆವಿ. ಪುಟ್ಟ ಗಾಜಿನ ಕೋಶದಲ್ಲಿ ಅದನ್ನು ತುಂಬಿ ಲೇಸರ್ ಹಾಯಿಸಿದರೆ, ಕಾಂತಕ್ಷೇತ್ರ ಬದಲಾದಂತೆ ಹಾದುಬರುವ ಬೆಳಕೂ ಬದಲಾಗುತ್ತದೆ. ಹೀಲಿಯಂ ಬೇಡವೇ ಬೇಡ. 2018ರಲ್ಲಿ ಬ್ರಿಟನ್ನಿನ ನಾಟಿಂಗ್‌ಹ್ಯಾಮ್‌ನ ತಂಡ ಲಂಡನ್ನಿನ ಸಹೋದ್ಯೋಗಿಗಳ ಜೊತೆ ಇಂಥ ಸೆನ್ಸರ್‌ಗಳನ್ನು ತಲೆಗೇ ಕಟ್ಟಿತು. ತೊಟ್ಟವರು ಚಹಾ ಕುಡಿದರು, ಬ್ಯಾಟಿನಿಂದ ಚೆಂಡು ಪುಟಿಸಿದರು. ಮರುವರ್ಷ ಅದೇ ಗುಂಪು ಮಕ್ಕಳ ಸೈಕಲ್ ಹೆಲ್ಮೆಟ್ಟಿಗೆ ಸೆನ್ಸರ್ ಸಿಕ್ಕಿಸಿ ಎರಡು ಮತ್ತು ಐದು ವರ್ಷದ ಮಕ್ಕಳಿಗೆ ತೊಡಿಸಿತು. ತಾಯಿ ಕೈ ಸವರಿದಾಗ ಮಗುವಿನ ಮಿದುಳು ಹೇಗೆ ಸ್ಪಂದಿಸಿತೆಂಬುದು ದಾಖಲಾಯಿತು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಮೂರ್ಛೆರೋಗದ ತಪಾಸಣೆಗೆ ಎಂಇಜಿ ಬಳಕೆಯಲ್ಲಿದೆ. ಆದರೆ ರುಬಿಡಿಯಂನ ಈ ಹೊಸ ಸೆನ್ಸರ್ ಎಲ್ಲೆಡೆ ಹಬ್ಬಲು ತೊಡಕಾಗಿರುವುದು ಕೋಣೆ. ಹೊರಗೆ ಲಿಫ್ಟ್ ಓಡಾಡಿದರೂ ಅಳತೆ ಏರುಪೇರಾಗುವುದರಿಂದ ವಿಶೇಷ ಲೋಹದ ಗೋಡೆಗಳು ಈಗಲೂ ಬೇಕು. ಹೆಲ್ಮೆಟ್ಟು ಹಗುರಾಯಿತು, ಕೋಣೆಯ ಖರ್ಚೂ ಇಳಿದರೆ ಮಾತ್ರ ಅದು ದೊಡ್ಡ ಆಸ್ಪತ್ರೆಗಳನ್ನು ದಾಟಿ ಬಂದೀತು.