ಜೊತೆಗೆ ಯಾರು ಬಂದಿದ್ದೀರಿ?

ನಮ್ಮ ಚಿಕ್ಕಮ್ಮ ಸಾರು ಬಿಟ್ಟು, ಮುದ್ದೆಯನ್ನು ಮಜ್ಜಿಗೆಯಲ್ಲಿ ಅದ್ದಿ ನುಂಗತೊಡಗಿ ನಾಲ್ಕು ತಿಂಗಳಾಗಿತ್ತಂತೆ. ನಮಗೆ ತಿಳಿದದ್ದು ಐದನೇ ತಿಂಗಳು, 2017ರ ಜನವರಿಯಲ್ಲಿ, ತಮ್ಮನ ಮೊಮ್ಮಗಳ ನಾಮಕರಣಕ್ಕೆ ಅವಳು ಬಂದಾಗ. ಎಲೆಗೆ ಬಡಿಸಿದ ಹೋಳಿಗೆ ಸಾರನ್ನು ಮುಟ್ಟಲೇ ಇಲ್ಲ. "ಖಾರ ಆಗಲ್ಲ ಕಣೆ, ಬಾಯೆಲ್ಲ ಉರಿ" ಎಂದಳು. ಹಿತ್ತಲಿಗೆ ಕರೆದೊಯ್ದು ಬಿಸಿಲಿಗೆ ಮುಖ ಮಾಡಿಸಿ ಬಾಯಿ ತೆಗೆಸಿದೆ. ಎಡಗೆನ್ನೆಯ ಒಳಗೆ, ಎಲೆಅಡಿಕೆ ಸದಾ ಕೂರುತ್ತಿದ್ದ ಜಾಗದಲ್ಲೇ, ದೊಡ್ಡ ಹುಣ್ಣು. ಎರಡು ಬೆರಳು ಹೋಗುವಷ್ಟೂ ಬಾಯಿ ತೆರೆಯುತ್ತಿರಲಿಲ್ಲ.

ಅವಳು ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಒಬ್ಬಳೇ ಇದ್ದವಳು. ಗಂಡ ತೀರಿಕೊಂಡು ಇಪ್ಪತ್ತು ವರ್ಷ, ಮಕ್ಕಳಿಲ್ಲ. ಕೊಯ್ಲಿನ ಕಾಲದಲ್ಲಿ ಚೇಣಿದಾರರ ಮನೆಯಲ್ಲಿ ಅಡಿಕೆ ಸುಲಿಯುತ್ತಿದ್ದಳು. ಸೊಂಟದಲ್ಲಿ ಸಂಚಿ, ಸಂಚಿಯಲ್ಲಿ ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು. ಅಡಿಕೆ ಜಗಿಯುವುದೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿತ್ತು. ಅಡಿಕೆಯಿಂದಲೇ ಹೊಟ್ಟೆ ಹೊರೆಯುವ ನಮ್ಮ ಸೀಮೆಯಲ್ಲಿ ಆ ಮಾತನ್ನು ಗಟ್ಟಿಯಾಗಿ ಹೇಳುವವರು ಕಡಿಮೆ.

ಅದೇ ವರ್ಷ ನಮ್ಮ ಬೀದಿಯ ತೋಟದ ಯಜಮಾನರೊಬ್ಬರಿಗೂ ಬಾಯಲ್ಲಿ ಹುಣ್ಣಾಯಿತು. ಅವರಿಗೂ ಎಲೆಅಡಿಕೆ ಚಟ. ಮೂರನೇ ದಿನವೂ ಸಾರು ಬೇಡವೆಂದು ಬರೀ ಮೊಸರನ್ನ ಕೇಳಿದಾಗ ಅವರ ಹೆಂಡತಿ ಟಾರ್ಚು ಹಿಡಿದು ಬಾಯಿ ತೆಗೆಸಿದರು. "ಸುಣ್ಣ ಸುಟ್ಟಿದೆ, ಹೋಗುತ್ತೆ ಬಿಡು" ಎಂದು ಅವರು ಗದರಿದರೂ ಈಕೆ ಬಿಡಲಿಲ್ಲ. ಹದಿನೈದು ದಿನದಲ್ಲಿ ಪರೀಕ್ಷೆ, ತಿಂಗಳೊಳಗೆ ಆಪರೇಷನ್. ಅವರು ಇವತ್ತೂ ಬೆಳಗ್ಗೆ ಬಯಲು ಗಣಪತಿ ಗುಡಿಯ ಕಡೆ ನಡೆದು ಬರುತ್ತಾರೆ. ನಮ್ಮ ಚಿಕ್ಕಮ್ಮ ಮರುವರ್ಷದ ದೀಪಾವಳಿ ಕಾಣಲಿಲ್ಲ.

ನಾನು ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ವಿಜ್ಞಾನ ಕಲಿಸಿದವಳು. ಇಬ್ಬರ ಕಥೆ ಇಟ್ಟುಕೊಂಡು ನಿಯಮ ಕಟ್ಟಬಾರದು ಎಂದು ಮಕ್ಕಳಿಗೆ ಹೇಳಿಕೊಟ್ಟವಳು. ಆದರೆ ಮನೆಯಲ್ಲಿ ಜೊತೆಗೊಬ್ಬರು ಇದ್ದರೆ ಕ್ಯಾನ್ಸರ್ ರೋಗಿಯ ಗತಿ ಬದಲಾಗುತ್ತದೆಯೇ ಎಂಬ ಪ್ರಶ್ನೆಯನ್ನು ಲಕ್ಷಗಟ್ಟಲೆ ರೋಗಿಗಳ ದಾಖಲೆ ಇಟ್ಟುಕೊಂಡು ಕೇಳಿದವರಿದ್ದಾರೆ. ಅವರಿಗೆ ಸಿಕ್ಕ ಉತ್ತರ ಓದಿದಾಗ ನನಗೆ ನೆನಪಾದದ್ದು ಚಿಕ್ಕಮ್ಮನ ಊಟದ ತಟ್ಟೆ.

ಲೆಕ್ಕ ಏನು ಹೇಳುತ್ತದೆ

1987ರಲ್ಲಿ ಅಮೆರಿಕದ ಜೇಮ್ಸ್ ಗುಡ್ವಿನ್ ಮತ್ತು ಸಂಗಡಿಗರು 27,779 ಕ್ಯಾನ್ಸರ್ ಪ್ರಕರಣಗಳನ್ನು ಪರಿಶೀಲಿಸಿದರು. ಸಂಗಾತಿ ಇಲ್ಲದವರಲ್ಲಿ ರೋಗ ತಡವಾಗಿ ಪತ್ತೆಯಾಗುತ್ತಿತ್ತು, ಚಿಕಿತ್ಸೆಯೇ ಸಿಗದವರು ಅವರಲ್ಲಿ ಹೆಚ್ಚಿದ್ದರು, ಬದುಕುಳಿದವರು ಕಡಿಮೆ. 2013ರಲ್ಲಿ ಅಯಾಲ್ ಐಜರ್ ಮತ್ತು ಜೊತೆಯ ವೈದ್ಯರು ಇದನ್ನು ಇನ್ನೂ ದೊಡ್ಡದಾಗಿ ಮಾಡಿದರು. 2004ರಿಂದ 2008ರವರೆಗೆ ಕ್ಯಾನ್ಸರ್ ಪತ್ತೆಯಾದ 7,34,889 ಜನರ ದಾಖಲೆ ಅದು. ವಯಸ್ಸು, ಆದಾಯ, ಓದು ಎಲ್ಲವನ್ನೂ ಸರಿದೂಗಿಸಿದ ಮೇಲೂ, ಸಂಗಾತಿ ಇದ್ದವರಲ್ಲಿ ರೋಗ ದೇಹದಲ್ಲೆಲ್ಲ ಹರಡಿದ ಮೇಲೆ ಪತ್ತೆಯಾಗುವ ಸಂಭವ ಶೇ. 17ರಷ್ಟು ಕಡಿಮೆ. ಗುಣಪಡಿಸುವಂಥ ಪೂರ್ಣ ಚಿಕಿತ್ಸೆ ಸಿಗುವ ಸಂಭವ ಶೇ. 53ರಷ್ಟು ಹೆಚ್ಚು. ಕ್ಯಾನ್ಸರಿನಿಂದ ಸಾಯುವ ಅಪಾಯ ಶೇ. 20ರಷ್ಟು ಕಡಿಮೆ. ಸ್ತನ, ಕರುಳು, ತಲೆ ಮತ್ತು ಕತ್ತಿನ ಕ್ಯಾನ್ಸರುಗಳೂ ಸೇರಿ ಐದು ಬಗೆಗಳಲ್ಲಿ ಈ ಲಾಭ, ಕೀಮೋಥೆರಪಿಯಿಂದ ಸಿಗುತ್ತದೆಂದು ವರದಿಯಾಗಿದ್ದ ಲಾಭಕ್ಕಿಂತಲೂ ದೊಡ್ಡದಾಗಿತ್ತು.

ಇದನ್ನು ಓದಿ ಯಾರೂ ಎದೆ ಒಡೆದುಕೊಳ್ಳಬಾರದು. ಮೊದಲೇ ಆರೋಗ್ಯ, ಹಣ, ಆಸರೆ ಇದ್ದವರಿಗೆ ಮದುವೆಯಾಗುವುದೂ ಸುಲಭ, ಅದು ಮುರಿಯದೆ ಉಳಿಯುವುದೂ ಸುಲಭ. ಲೆಕ್ಕದಲ್ಲಿ ಅದರ ಪಾಲೂ ಇರುತ್ತದೆ. ಅದು ಅಮೆರಿಕದ ಲೆಕ್ಕವೂ ಹೌದು. ಆದರೆ ಅದು ತೋರಿಸುವ ದಾರಿ ನಮ್ಮೂರಿಗೂ ಹೊಂದುತ್ತದೆ: ಬೇಗ ಕಂಡುಹಿಡಿಯುವುದು, ಚಿಕಿತ್ಸೆ ಶುರು ಮಾಡುವುದು, ಶುರು ಮಾಡಿದ್ದನ್ನು ಮುಗಿಸುವುದು. ಈ ಮೂರಕ್ಕೂ ಇನ್ನೊಬ್ಬರ ಕಣ್ಣು, ಕಾಲು, ಬಾಯಿ ಬೇಕು.

ಏಳು ವಾರ

ಚಿಕ್ಕಮ್ಮನಿಗೆ ಆಪರೇಷನ್ ಮಾಡುವ ಹಂತ ದಾಟಿತ್ತು. ಬೆಂಗಳೂರಿನಲ್ಲಿ ಕರೆಂಟು ಕೊಡಿಸಬೇಕೆಂದರು. ರೇಡಿಯೇಷನ್ನಿಗೆ ನಮ್ಮ ಕಡೆ ಜನ ಹೇಳುವುದೇ ಹಾಗೆ. ವಾರಕ್ಕೆ ಐದು ದಿನ, ಏಳು ವಾರ, ಒಟ್ಟು 35 ಸಲ. ದಿನಕ್ಕೆ ಕೆಲವೇ ನಿಮಿಷದ ಕೆಲಸ. ಆದರೆ ಆ ಕೆಲವು ನಿಮಿಷಕ್ಕಾಗಿ ಇಡೀ ದಿನ ಕಾಯಬೇಕು, ಇಡೀ ಎರಡು ತಿಂಗಳು ಊರು ಬಿಡಬೇಕು.

ಮೊದಲ ದಿನ ಕೌಂಟರಿನಲ್ಲಿ ಹೆಸರು, ವಯಸ್ಸು ಬರೆದುಕೊಂಡು ಕೇಳಿದ ಮೂರನೇ ಪ್ರಶ್ನೆ: "ಜೊತೆಗೆ ಯಾರು ಬಂದಿದ್ದೀರಿ?" ಆಮೇಲೆ ಹೋದಲ್ಲೆಲ್ಲ ಅದೇ ಪ್ರಶ್ನೆ. ರಕ್ತ ಪರೀಕ್ಷೆಗೆ ಚೀಟಿ ತರುವವರು ಯಾರು? ಒಪ್ಪಿಗೆ ಪತ್ರಕ್ಕೆ ಸಹಿ ಯಾರದು? ಡಾಕ್ಟರು ಹೇಳಿದ್ದನ್ನು ನೆನಪಿಡುವವರು ಯಾರು? ನಾನು ರಜೆ ಹಾಕಿ ಹತ್ತಿರದ ಧರ್ಮಶಾಲೆಯಲ್ಲಿ ಉಳಿದೆ. ಮುಖ ಅಲುಗದಂತೆ ಬಿಗಿಯುವ ಬಿಳಿ ಜಾಲರಿಯ ಅಚ್ಚು ಅವಳ ಹಣೆಯ ಮೇಲೆ ಗೆರೆ ಮೂಡಿಸಿ ಕಳುಹಿಸುತ್ತಿತ್ತು. ನಾನು ಆ ಗೆರೆಗಳ ಮೇಲೆ ಕೈಯಾಡಿಸುತ್ತಿದ್ದೆ. ಮೂರನೇ ವಾರಕ್ಕೆ ಬಾಯೆಲ್ಲ ಹುಣ್ಣು. ರಾಗಿ ಅಂಬಲಿಯನ್ನು ಸೋಸಿ, ಆರಿಸಿ, ಚಮಚ ಚಮಚವಾಗಿ ಒಂದು ಲೋಟ ಕುಡಿಸಲು ಮುಕ್ಕಾಲು ಗಂಟೆ ಬೇಕಿತ್ತು. ಆ ಮುಕ್ಕಾಲು ಗಂಟೆ ಕೂರುವವರಿಲ್ಲದಿದ್ದರೆ ರೋಗಿ ಉಪವಾಸ ಬೀಳುತ್ತಾರೆ, ತೂಕ ಇಳಿಯುತ್ತದೆ, ಚಿಕಿತ್ಸೆ ನಿಲ್ಲುತ್ತದೆ. ಕೀಮೋ ಆದವರಿಗೆ ಜ್ವರ 100.4 ಡಿಗ್ರಿ ದಾಟಿದರೆ ರಾತ್ರಿಯಾದರೂ ಆಸ್ಪತ್ರೆಗೆ ಓಡಬೇಕು. ಒಬ್ಬಂಟಿಯ ಹಣೆ ಮುಟ್ಟಿ ನೋಡುವವರು ಯಾರು?

ಮಾರ್ಚ್ ಕೊನೆಗೆ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಬಂತು, ನನ್ನ ರಜೆ ಮುಗಿಯಿತು. ತಮ್ಮನಿಗೆ ತೋಟ ಒಣಗುವ ಚಿಂತೆ, ಬೋರು ಕೊರೆಸುವ ಓಡಾಟ. "ಒಂದು ವಾರ ಊರಿಗೆ ಹೋಗಿ ಬರೋಣ, ಏನಾಗಲ್ಲ" ಎಂದು ಚಿಕ್ಕಮ್ಮನೇ ಅಂದಳು. ನಾವೂ ಹೂಂ ಅಂದೆವು. ಆರು ದಿನದ ಕರೆಂಟು ತಪ್ಪಿತು. ನಡುವೆ ಬಿಡುವು ಸಿಕ್ಕರೆ ಉಳಿದ ಕ್ಯಾನ್ಸರ್ ಕಣಗಳು ಮತ್ತೆ ಬೆಳೆಯುತ್ತವೆ, ಅದಕ್ಕೇ ವೈದ್ಯರು ದಿನ ತಪ್ಪಿಸಬೇಡಿ ಎನ್ನುತ್ತಾರೆ ಎಂಬುದನ್ನು ನಾನು ಆಮೇಲೆ ಓದಿಕೊಂಡೆ. ಆ ಆರು ದಿನವೇ ಅವಳನ್ನು ಕೊಂದಿತು ಎಂದು ನಾನು ಹೇಳಲಾರೆ, ರೋಗ ಅಷ್ಟು ಮುಂದೆ ಹೋಗಿತ್ತು. ಆದರೂ ಆ ಆರು ದಿನ ನನ್ನನ್ನು ಇನ್ನೂ ಬಿಟ್ಟಿಲ್ಲ.

ತಾಳಿ ಅಲ್ಲ, ಜೊತೆ

ಹಾಗಾದರೆ ಮದುವೆಯೇ ಔಷಧವೇ? ಅಲ್ಲ. ಐಜರ್ ಅವರ ಅಧ್ಯಯನದಲ್ಲೇ ಮದುವೆಯ ಲಾಭ ಹೆಂಗಸರಿಗಿಂತ ಗಂಡಸರಿಗೆ ಹೆಚ್ಚು. 2009ರ ಇನ್ನೊಂದು ಅಧ್ಯಯನ ಮನಸ್ಸು ಕಲಕುವಂಥದ್ದು. ಮಿದುಳಿನ ಗಡ್ಡೆ, ಇತರ ಕ್ಯಾನ್ಸರು ಮತ್ತು ನರರೋಗ ಬಂದ 515 ಜನರನ್ನು ಮೈಕೆಲ್ ಗ್ಲಾಂಟ್ಜ್ ಮತ್ತು ಸಂಗಡಿಗರು ಗಮನಿಸುತ್ತ ಬಂದರು. ಕಾಯಿಲೆ ಬಿದ್ದವಳು ಹೆಂಡತಿಯಾದರೆ ಶೇ. 20.8 ದಾಂಪತ್ಯಗಳು ಮುರಿದವು, ಗಂಡನಾದರೆ ಶೇ. 2.9 ಮಾತ್ರ. ನಮ್ಮಲ್ಲಿ ಕೋರ್ಟಿಗೆ ಹೋಗುವವರು ಕಡಿಮೆ ಇರಬಹುದು. ಆದರೆ ಧರ್ಮಶಾಲೆಯಲ್ಲಿ ನಾನು ಕಂಡ ಗಂಡಸು ರೋಗಿಗಳ ಪಕ್ಕ ಸಾಮಾನ್ಯವಾಗಿ ಹೆಂಡತಿ ಇರುತ್ತಿದ್ದಳು. ಹೆಂಗಸು ರೋಗಿಗಳ ಪಕ್ಕ ಇರುತ್ತಿದ್ದದ್ದು ತಾಯಿ, ತಂಗಿ, ಮಗಳು. ಎದೆಯಲ್ಲಿ ಗಂಟು ಕಂಡರೂ ಮಗಳ ಮದುವೆ ಮುಗಿಯಲಿ ಎಂದು ಸೆರಗು ಹೊದ್ದುಕೊಂಡ ಮುತ್ತೈದೆಯರನ್ನೂ ಅಲ್ಲೇ ಕಂಡೆ. ಮನೆಯಲ್ಲಿ ಎಲ್ಲರ ತಟ್ಟೆ ನೋಡುವವಳ ತಟ್ಟೆಯನ್ನು ನೋಡುವವರಿಲ್ಲ.

ಜೊತೆಯನ್ನು ಮದುವೆಯಿಲ್ಲದೆಯೂ ಕಟ್ಟಬಹುದು. ನ್ಯೂಯಾರ್ಕಿನ ಹಾರ್ಲೆಮ್ ಆಸ್ಪತ್ರೆಯ ಶಸ್ತ್ರವೈದ್ಯ ಹೆರಾಲ್ಡ್ ಫ್ರೀಮನ್ 1990ರಲ್ಲಿ ಅದನ್ನೇ ಮಾಡಿದರು. ಬಡ ರೋಗಿಗಳ ಜೊತೆಗೆ ಆರಂಭದಿಂದ ಕೊನೆಯವರೆಗೂ ಓಡಾಡಲು ಜನರನ್ನೇ ನೇಮಿಸಿದರು. ಚೀಟಿ, ದುಡ್ಡು, ವಾಹನ, ಭಯ, ಎಲ್ಲಕ್ಕೂ ಅವರೇ ಜೊತೆ. ಅಲ್ಲಿ ಸ್ತನ ಕ್ಯಾನ್ಸರಿನ ನಂತರ ಐದು ವರ್ಷ ಬದುಕುತ್ತಿದ್ದವರು ಮೊದಲು ಶೇ. 39. ಕಡಿಮೆ ಖರ್ಚಿನ ತಪಾಸಣೆ ಮತ್ತು ಈ ಜೊತೆಗಾರರು ಬಂದ ಮೇಲೆ ಶೇ. 70.

ನಮ್ಮಲ್ಲೂ ಎಳೆಗಳು ಇವೆ, ಹೆಣೆಯಬೇಕು. ಮೂವತ್ತು ದಾಟಿದವರಿಗೆ ಬಾಯಿ, ಸ್ತನ, ಗರ್ಭಕಂಠದ ತಪಾಸಣೆ ಮಾಡುವುದು ಸರ್ಕಾರಿ ಆರೋಗ್ಯ ಕೇಂದ್ರಗಳ ಕೆಲಸ, ಆಶಾ ಕಾರ್ಯಕರ್ತೆಯನ್ನು ಕೇಳಿ. ಕ್ಯಾನ್ಸರ್ ರೋಗಿಯ ಜೊತೆಗೆ ಹೋಗುವ ಒಬ್ಬರಿಗೆ ರೈಲಿನಲ್ಲಿ ರಿಯಾಯಿತಿ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಬಸ್ಸು ಉಚಿತ. ಜೊತೆಗೆ ಹೋಗುವ ನೆರೆಮನೆಯವಳಿಗೂ ಬಸ್ ಚಾರ್ಜಿನ ಚಿಂತೆ ತಪ್ಪಿತು. ಒಂಟಿಯಾಗಿರುವವರು ಮೊದಲ ದಿನವೇ ವೈದ್ಯರಿಗೆ "ನನಗೆ ಮನೆಯಲ್ಲಿ ಯಾರೂ ಇಲ್ಲ" ಎಂದು ಹೇಳಬೇಕು. ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಕೇಳಿ ಕಾಣಬೇಕು. ಅದರಲ್ಲಿ ನಾಚಿಕೆಯೇನಿಲ್ಲ. ನಮ್ಮ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ಸಂಸಾರವಿಲ್ಲದ ಸನ್ಯಾಸಿ ರಾಘವೇಂದ್ರ ಸ್ವಾಮೀಜಿ ಕಟ್ಟಿದ ಸಂಸ್ಥೆಯ ಹೆಸರೇ ಅನಾಥ ಸೇವಾಶ್ರಮ. ದಿಕ್ಕಿಲ್ಲದವರಿಗೆ ಊರೇ ದಿಕ್ಕು ಎಂಬುದು ನಮಗೆ ಹೊಸ ಪಾಠವಲ್ಲ.

ಹೋದ ವರ್ಷ ನಮ್ಮ ಬೀದಿಯ ಒಬ್ಬ ಹೆಣ್ಣುಮಗಳಿಗೆ ಗರ್ಭಕಂಠದ ಕ್ಯಾನ್ಸರ್ ಪತ್ತೆಯಾಯಿತು. ಗಂಡ ಬಿಟ್ಟು ಹೋದವಳು, ಮಗ ಚಿಕ್ಕವನು. ನಾನು ಹಳೆಯ ಹಾಜರಿ ಪುಸ್ತಕದ ಒಂದು ಹಾಳೆ ಹರಿದು ಗೆರೆ ಹಾಕಿದೆ. ಚಿಕಿತ್ಸೆ ಎಂಟು ವಾರದೊಳಗೆ ಮುಗಿಯಬೇಕೆಂದಿದ್ದರು. ಎಂಟು ಸಾಲು, ಎಂಟು ಹೆಸರು. ಮಗನ ಊಟಕ್ಕೆ ಬೇರೆ ಸಾಲು. ಅಡಿಕೆ ಸುಲಿಯುವ ಇಬ್ಬರು ಕೂಲಿ ಬಿಟ್ಟು ತಮ್ಮ ವಾರ ಹೋಗಿ ಬಂದರು. ಅವರ ಕೂಲಿಯನ್ನು ಉಳಿದವರು ಸೇರಿಸಿ ಕೊಟ್ಟೆವು. ಒಂದು ದಿನವೂ ತಪ್ಪಲಿಲ್ಲ.

ನಾನೂ ಮದುವೆಯಾದವಳಲ್ಲ, ಮನೆಯಲ್ಲಿ ಒಬ್ಬಳೇ. ಈಗ ರಾತ್ರಿ ಎಂಟಕ್ಕೆ ನನ್ನ ತಟ್ಟೆ ಎತ್ತಿಕೊಂಡು ಪಕ್ಕದ ಮನೆಯ ಜಗಲಿಗೆ ಹೋಗುತ್ತೇನೆ, ಅಲ್ಲೇ ಮೂವರು ಕೂತು ಉಣ್ಣುತ್ತೇವೆ. ಮೊನ್ನೆ ಹಲ್ಲುನೋವೆಂದು ಸಾರು ಬಿಟ್ಟಿದ್ದೆ. "ಯಾಕೆ ಟೀಚರ್, ಎರಡು ದಿನದಿಂದ ಬರೀ ಮಜ್ಜಿಗೆ?" ಎಂದು ಪಕ್ಕದವಳು ಕೇಳಿದಳು. ಬಾಯಿ ತೆಗೆದು ತೋರಿಸಿದೆ.