ತಾಳ್ಯದ ಕಲ್ಲುಹೊಲ

ಭಾನುವಾರ ಬೆಳಿಗ್ಗೆ ಘೋರವಡೇಶ್ವರ ಬೆಟ್ಟ ಹತ್ತುವುದು ದೇಹೂ ರೋಡಿಗೆ ಬಂದಾಗಿನಿಂದ ನಮ್ಮ ಮನೆಯ ರೂಢಿ. ಹಳೇ ಪುಣೆ-ಮುಂಬೈ ಹೆದ್ದಾರಿಯ ಪಕ್ಕದ ಬೆಟ್ಟ. ಬೌದ್ಧರ ಕಾಲದ ಗುಹೆಗಳು, ಒಳಗೆ ಶಿವ. ಹೋದ ತಿಂಗಳು ಮೇಲೆ ಕೂತಿದ್ದಾಗ ಊರಿನಿಂದ ಅಣ್ಣನ ಫೋನ್.

"ಕಲ್ಲುಹೊಲಕ್ಕೆ ಗಿರಾಕಿ ಬಂದಿದೆ ಕಣೋ. ಕ್ರಷರ್‌ನೋರು. ನೀನೊಂದು ಸೈನು ಹಾಕಿದ್ರೆ ಮುಗೀತು."

ನಮ್ಮದು ಚಿತ್ರದುರ್ಗ ಜಿಲ್ಲೆ, ಹೊಳಲ್ಕೆರೆ ತಾಲ್ಲೂಕು, ತಾಳ್ಯದ ಸೀಮೆ. ಅಪ್ಪ ಜೀವಮಾನವಿಡೀ ಆರಿಸಿ ಬದುವಿಗೆ ಹಾಕಿದರೂ ಆ ಎರಡೆಕರೆಯಲ್ಲಿ ಕಲ್ಲು ಮುಗಿಯಲಿಲ್ಲ. "ಆಯ್ತು ಕಣಣ್ಣ" ಎಂದುಬಿಟ್ಟೆ.

ಪಕ್ಕದಲ್ಲಿ ಮಗಳು ಬಿಳಿ ಚುಕ್ಕೆಯ ಕರಿಗಲ್ಲೊಂದನ್ನು ಹಿಡಿದು ಅದರ ವಯಸ್ಸು ಕೇಳಿದಳು. ದಖನ್ನಿನ ಲಾವಾ, ಸುಮಾರು 6.6 ಕೋಟಿ ವರ್ಷ ಎಂದೆ. ಇಲ್ಲಿನ ಶಾಲೆಯ ಮಕ್ಕಳಿಗೂ ಗೊತ್ತಿರುವ ಸಂಗತಿ. "ನಮ್ಮೂರ ಕಲ್ಲಿಗೆ?" ಎಂದಳು. ಬಾಯಿ ಕಟ್ಟಿತು.

ರಾತ್ರಿ ಹುಡುಕಿದೆ. 2014ರ 'ಕರೆಂಟ್ ಸೈನ್ಸ್' ಪತ್ರಿಕೆಯ ಒಂದು ಲೇಖನದ ಶೀರ್ಷಿಕೆಯಲ್ಲೇ ತಾಳ್ಯ! ನಾಡಕಚೇರಿಯ ಬೋರ್ಡು, ಬಸ್ಸಿನ ಹಣೆ ಬಿಟ್ಟರೆ ಬೇರೆಲ್ಲೂ ನಾನು ಕಾಣದ ಹೆಸರು. ಅಲ್ಲಿ ಕೆಸರಿನಲ್ಲಿ ಹೂತು ಗಟ್ಟಿಯಾದ ಗುಂಡುಕಲ್ಲುಗಳ ಬಂಡೆಯಿದೆ. ಭೂವಿಜ್ಞಾನಿಗಳು ಅದನ್ನು ತಾಳ್ಯ ಕಾಂಗ್ಲಾಮರೇಟ್ ಎನ್ನುತ್ತಾರೆ. ವಯಸ್ಸು ಸುಮಾರು 270 ಕೋಟಿ ವರ್ಷ. ತಾಳ್ಯದ ಕಲ್ಲಿಗೆ ನಲವತ್ತೊಂದು ವರ್ಷ ಎಂದುಕೊಂಡರೆ, ದೇಹೂ ರೋಡಿನ ಕರಿಗಲ್ಲಿಗೆ ಈಗಷ್ಟೇ ಒಂದು ತುಂಬಿದೆ.

ವಯಸ್ಸಿಗಿಂತ ಬೆರಗು ಹುಟ್ಟಿಸಿದ್ದು ಲೇಖನದ ವಾದ: ಆ ಕಲ್ಲುಗಳನ್ನು ಅಲ್ಲಿ ತಂದು ಹಾಕಿದ್ದು ಹಿಮ. ನದಿ ಹೊತ್ತು ತಂದ ಕಲ್ಲುಗಳಾದರೆ ದಪ್ಪದ್ದು ಒಂದೆಡೆ, ಸಣ್ಣದ್ದು ಒಂದೆಡೆ ನಿಲ್ಲುತ್ತವೆ. ನೀರು ಜರಡಿ ಹಿಡಿಯುತ್ತದೆ. ಹಿಮಕ್ಕೆ ಆ ಭೇದವಿಲ್ಲ. ಸಮುದ್ರದ ಮೇಲೆ ತೇಲುವ ನೀರ್ಗಲ್ಲು ಕರಗಿದಾಗ, ಅದರಲ್ಲಿ ಸಿಕ್ಕಿಕೊಂಡ ಕಲ್ಲು ತಳದ ನುಣುಪು ಕೆಸರಿಗೆ ಧೊಪ್ಪೆಂದು ಬೀಳುತ್ತದೆ, ಕೆಳಗಿನ ಪದರಗಳು ತಗ್ಗುತ್ತವೆ. ಆ ತಗ್ಗೇ ಸಾಕ್ಷಿ. ಬೇರೆ ವಿವರಣೆ ಕೊಟ್ಟವರೂ ಇದ್ದಾರೆ. ಆದರೆ ಈ ವಾದ ನಿಂತರೆ, ದಕ್ಷಿಣ ಆಫ್ರಿಕಾದ ಪೊಂಗೊಲಾದಲ್ಲಿ ಸಿಕ್ಕ ಸುಮಾರು 290 ಕೋಟಿ ವರ್ಷದ ಹಿಮದ ಕುರುಹಿನ ಬಳಿಕ, ಭೂಮಿಯ ಅತಿ ಹಳೆಯ ಹಿಮದ ನೆನಪುಗಳಲ್ಲೊಂದು ನಮ್ಮ ಬಿಸಿಲುಸೀಮೆಯಲ್ಲಿದೆ. ಏಪ್ರಿಲ್‌ನಲ್ಲಿ ಅಲ್ಲಿ ಬರಿಗಾಲಲ್ಲಿ ನಡೆದವರಿಗೆ ಇದು ತಮಾಷೆ ಎನಿಸೀತು.

ಈ ಬಂಡೆಯ ಮೇಲಿನ ಪದರಗಳಲ್ಲಿ, ಹಿಮ ಸರಿದ ಮೇಲೆ, ಜೀವ ಕಾಣಿಸುತ್ತದೆ. ನಾವು ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದ ಮಾರಿಕಣಿವೆಯ ಸುತ್ತಲ ಸುಣ್ಣಕಲ್ಲಿನಲ್ಲಿ, ತುಮಕೂರು ಜಿಲ್ಲೆಯ ದೊಡ್ಡಗುಣಿಯಲ್ಲಿ, ಅಡ್ಡ ಕೊಯ್ದ ಎಲೆಕೋಸಿನಂಥ ಪದರಗಳಿವೆ. ಅವೇ ಸ್ಟ್ರೊಮ್ಯಾಟೊಲೈಟ್. ಆಳವಿಲ್ಲದ ಸಮುದ್ರದಲ್ಲಿ ಸೂಕ್ಷ್ಮಜೀವಿಗಳ ಲೋಳೆ ಹೂಳನ್ನು ಹಿಡಿದು ಪದರದ ಮೇಲೆ ಪದರ ಕಟ್ಟಿದ್ದು. ಆಗ ಗಾಳಿಯಲ್ಲಿ ಆಮ್ಲಜನಕ ಇಲ್ಲವೆಂಬಷ್ಟು ಕಡಿಮೆ. ಇಂಥ ಲೋಳೆಯಲ್ಲಿನ ಸಯನೋಬ್ಯಾಕ್ಟೀರಿಯಾಗಳೇ ಅದನ್ನು ತಯಾರಿಸಿದವು. ಗಾಳಿಯಲ್ಲಿ ಅದು ಶೇಖರವಾಗತೊಡಗಿದ್ದು ಸುಮಾರು 240 ಕೋಟಿ ವರ್ಷದ ಹಿಂದೆ. ಸಮಭಾಜಕದವರೆಗೂ ಮಂಜುಗಟ್ಟಿದ ಮಹಾ ಹಿಮಯುಗಗಳು ಬಂದದ್ದು ಎಷ್ಟೋ ಆಮೇಲೆ, ಸುಮಾರು 72 ಕೋಟಿ ವರ್ಷದ ಹಿಂದೆ. ಆ ಚಳಿಯನ್ನೂ ಸೂಕ್ಷ್ಮಜೀವಿಗಳು ಕಳೆದವು.

ಪುಣೆಯ ಫ್ಲ್ಯಾಟಿನಲ್ಲಿ ಕೂತು ಕಲ್ಲಿನ ಮಹಿಮೆ ಹೊಗಳುವುದು ಸುಲಭ. ಬತ್ತಿದ ಎರಡು ಬೋರ್‌ವೆಲ್‌ಗಳ ಸಾಲ ಇರುವುದು ಅಣ್ಣನ ಹೆಸರಿನಲ್ಲಿ. ನಮ್ಮ ಹೊಲದ್ದು ಅದೇ ಕಲ್ಲು ಎಂದು ನೋಡಿ ಹೇಳಿದವರೂ ಇಲ್ಲ. ಎರಡು ದಿನ ಒದ್ದಾಡಿ ಫೋನ್ ಮಾಡಿದೆ.

"ಅಣ್ಣ, ಸೈನು ಈಗ ಬೇಡ. ಬ್ಯಾಂಕಿನ ಕಂತು ನಾನು ಕಟ್ತೀನಿ. ದೀಪಾವಳಿಗೆ ಬರ್ತೀವಿ, ಯಾರಾದ್ರೂ ತಿಳಿದೋರನ್ನ ಕರೆಸಿ ಕಲ್ಲು ತೋರಿಸೋಣ."

ಆ ಕಡೆ ಬಹಳ ಹೊತ್ತು ಮಾತಿಲ್ಲ. ಆಮೇಲೆ ಅಣ್ಣ ನಕ್ಕ.

"ಚಿಕ್ಕೋನಿದ್ದಾಗ ಕಲ್ಲು ಆರಿಸು ಅಂದ್ರೆ ಮಾವಿನ ಮರ ಹತ್ತಿ ಕೂರ್ತಿದ್ದೆ. ಈಗ ಪುಣೆಯಿಂದ ಕಲ್ಲು ನೋಡೋಕೆ ಬರ್ತೀಯಾ? ಬಾರಪ್ಪ, ಮಗಳನ್ನೂ ಕರ್ಕೊಂಡು ಬಾ. ಪುಟ್ಟಿ ಇಟ್ಟಿರ್ತೀನಿ."